ಸಿಹಿನೀರಿನ ಭಾನುವಾರಗಳು

ಮೇ 17, ಬುಧವಾರ

ಒಪ್ಪಿಗೆ ಸಿಕ್ಕಿತು, ನಲವತ್ತು ಇಲಿಗಳೂ ನನ್ನವಾದವು, ಅದೂ ನನ್ನ ಮದುವೆಯಾಗಿ ಸರಿಯಾಗಿ ಹತ್ತನೆಯ ದಿನ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿ ಆರು ತಿಂಗಳು ನಮ್ಮ ಅರ್ಜಿಯನ್ನು ಎಳೆದಾಡಿ, ಇವತ್ತು ಬೆಳಿಗ್ಗೆ ಒಂದೇ ಸಾಲಿನಲ್ಲಿ ಹೂಂ ಅಂದಿದೆ. ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆಯೇ ಕುಣಿದುಬಿಟ್ಟೆ. ಇಲಿಗಳ ಕೋಣೆ ನೋಡಿಕೊಳ್ಳುವ, ನಾವೆಲ್ಲ ಪಾಕ್ ಅಂದರೆ ಅಪ್ಪ ಅಂತ ಕರೆಯುವ ಪಾಕ್ ತುಕಿರಾನ್ ಪೊರಕೆ ಹಿಡಿದು ನಿಂತು ನೋಡುತ್ತಿದ್ದರು.

"ಏನ್ ಹೊಸ ಮದ್ಲಗಿತ್ತೀ, ಗಂಡ ಬಂದ್ನಾ?"

"ಇಲ್ಲ ಪಾಕ್, ಇಲಿ ಬರ್ತಾವೆ."

"ಹಂಗಾದ್ರೆ ಕುಣಿ ತಾಯಿ. ಮೂವತ್ತೊಂದು ವರ್ಷ ಆಯ್ತು ಈ ಕೆಲ್ಸಕ್ಕೆ ಬಂದು, ಇಲಿಗೋಸ್ಕರ ಕುಣಿದೋರ್ನ ಇವತ್ತೇ ನೋಡಿದ್ದು."

ಈ ಡೈರಿ ಮದುವೆಗೆ ಚಿಕ್ಕಮ್ಮ ಕೊಟ್ಟ ಉಡುಗೊರೆ. ಹನ್ನೆರಡು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಪ್ರಯೋಗದ ಪುಸ್ತಕ ಬರೆಯುವುದು ಇಂಗ್ಲಿಷಿನಲ್ಲಿ, ಕನಸಿನಲ್ಲಿ ಬೈಸಿಕೊಳ್ಳುವುದೂ ಇಂಗ್ಲಿಷಿನಲ್ಲಿ. ಆದರೆ 'ನನ್ನ ಗಂಡ' ಅಂತ ಬರೆಯಲು ಅಮ್ಮನ ಮಾತೇ ಬೇಕು. ನನ್ನ ಗಂಡ. ನನ್ನ ಗಂಡ ಬನ್ಯು. ಬನ್ಯುವಿನ ಹೆಂಡತಿ ವೆನಿಂಗ್. ಇಡೀ ಪುಟ ಇದನ್ನೇ ಬರೆದರೂ ಸಾಕಾಗುವುದಿಲ್ಲ.

ಬನ್ಯು ಇಲ್ಲಿಂದ ಅರ್ಧ ದಿನದ ರೈಲು ದಾರಿಯ ಪ್ರೊಬೊಲಿಂಗೊದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಮೊನ್ನೆ ಶನಿವಾರ ಅಲ್ಲಿ ಕಬ್ಬಿನ ಮದುವೆ. ಅರೆಯುವ ಹಂಗಾಮು ಶುರುವಾಗುವ ದಿನ ಎರಡು ಒಳ್ಳೆಯ ಜಲ್ಲೆ ಆರಿಸಿ, ಒಂದಕ್ಕೆ ಗಂಡಿನ ಉಡುಪು, ಇನ್ನೊಂದಕ್ಕೆ ಹೆಣ್ಣಿನದು, ಮಲ್ಲಿಗೆ ಮಾಲೆ, ಹೆಸರು ಎಲ್ಲ ಕೊಟ್ಟು, ಮೆರವಣಿಗೆಯಲ್ಲಿ ತಂದು, ಎಲ್ಲಕ್ಕಿಂತ ಮೊದಲು ಗಾಣಕ್ಕೆ ಬಿಡುತ್ತಾರೆ. ನಮ್ಮ ಮದುವೆಯಾಗಿ ಆಗ ಆರೇ ದಿನ. "ಒಂದು ವಾರಕ್ಕೆ ಎರಡು ಜೋಡಿ" ಅಂತ ಕಾರ್ಖಾನೆಯವರು ರೇಗಿಸಿದ್ದೇ ರೇಗಿಸಿದ್ದು. ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಅವತ್ತಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅವನಿಗೆ ಒಂದು ದಿನವೂ ರಜೆಯಿಲ್ಲ. ಕಡಿದ ಕಬ್ಬು ಕಾಯುವುದಿಲ್ಲವಂತೆ.

ಇರಲಿ. ನನ್ನದು ಎಂಟು ವಾರದ ಪ್ರಯೋಗ. ಜುಲೈ ಕೊನೆಗೆ ಫಲಿತಾಂಶ. ಆಮೇಲೆ ಯೋಗ್ಯಕರ್ತದ ಈ ಬಾಡಿಗೆ ಕೋಣೆಗೆ ಬೀಗ ಹಾಕಿ, ಪ್ರಬಂಧವನ್ನು ಅವನ ಮನೆಯಲ್ಲಿ ಕೂತು ಬರೆಯುತ್ತೇನೆ. ಅಲ್ಲ, ನಮ್ಮ ಮನೆಯಲ್ಲಿ. ಹಿತ್ತಲಲ್ಲಿ ಪಪ್ಪಾಯಿ ಗಿಡ ಇದೆ.

ಸಂಭ್ರಮಕ್ಕೆ ಕ್ಯಾಂಪಸ್ ಗೇಟಿನ ಹತ್ತಿರದ ಗಿನಾ ಅಜ್ಜಿಯ ಚಹಾ ಗಾಡಿಯಲ್ಲಿ ಎರಡು ಲೋಟ ಕುಡಿದೆ. ಮೂರು ಚಮಚ ಸಕ್ಕರೆ ಹಾಕಿದ್ದರೂ ಸಿಹಿ ಸಾಲದು ಅಂದೆ. "ಇನ್ನೇನು ಪಾಕ ಕಾಯ್ಸಿ ಕೊಡ್ಲೇನೇ?" ಅಂದಳು ಅಜ್ಜಿ.

ಮೇ 29, ಸೋಮವಾರ

ಇವತ್ತು ಇಲಿಗಳನ್ನು ಬೇರೆ ಮಾಡಿದೆವು.

ಬಂದ ಮೇಲೆ ಒಂದು ವಾರ ಎಲ್ಲವೂ ಐದೈದರಂತೆ ಒಟ್ಟಿಗಿದ್ದವು, ಒಂದರ ಮೇಲೊಂದು ಮಲಗುತ್ತ, ಬೂದುಗುಂಬಳದ ಹೋಳುಗಳ ಹಾಗೆ. ಇನ್ನು ಹತ್ತು ಮಾತ್ರ ಹಾಗೆಯೇ ಇರುತ್ತವೆ. ಉಳಿದ ಮೂವತ್ತಕ್ಕೆ ಮೂವತ್ತು ಗೂಡು, ಗೂಡಿನ ಮೇಲೆ ಆಯಾ ಇಲಿಯ ನಂಬರು, ಒಂದರಿಂದ ನಲವತ್ತರೊಳಗೆ. ಎಂಟು ವಾರ ಒಂಟಿ. ಇಲಿಗೆ ಬೇಸರ ಬರಿಸಲು ಹೊಡೆಯಬೇಕಿಲ್ಲ, ಬೆದರಿಸಬೇಕಿಲ್ಲ. ಒಂಟಿಯಾಗಿ ಇಟ್ಟರೆ ಸಾಕು.

ಆ ಮೂವತ್ತರಲ್ಲಿ ಹತ್ತಕ್ಕೆ ಬರೀ ನೀರು, ಹತ್ತಕ್ಕೆ ಆಸ್ಪತ್ರೆಯಲ್ಲಿ ಈಗಾಗಲೇ ಕೊಡುವ ಹಳೆಯ ಔಷಧಿ, ಹತ್ತಕ್ಕೆ ನಮ್ಮ ಒಂದೆಲಗದ ಪುಡಿ. ನನ್ನ ಮಾರ್ಗದರ್ಶಕಿ, ನಾವು ಬು ಅಂದರೆ ಅಮ್ಮ ಅಂತ ಕರೆಯುವ ಬು ಹಾರ್ತಿನಿ, ಹನ್ನೊಂದು ವರ್ಷದಿಂದ ಒಂದೆಲಗದ ಹಿಂದೆ ಬಿದ್ದಿದ್ದಾರೆ. ಅವರ ಅಜ್ಜಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮನೆಮನೆಗೆ ಕಷಾಯ ಮಾರುತ್ತಿದ್ದಾಗ, ಗದ್ದೆ ಬದುವಿನ ಈ ಸೊಪ್ಪಿನ ರಸವನ್ನು ಮನಸ್ಸು ಭಾರವಾದವರಿಗೆಂದು ಬೇರೆ ಸೀಸೆಯಲ್ಲಿ ಇಟ್ಟಿರುತ್ತಿದ್ದರಂತೆ. ಮೊಮ್ಮಗಳು ಅದರಿಂದ ಒಂದೇ ಒಂದು ಅಂಶವನ್ನು ಬೇರ್ಪಡಿಸಿ ಬಿಳಿಯ ಪುಡಿ ಮಾಡಿದ್ದಾರೆ. ಯಾವ ಗೂಡಿಗೆ ಯಾವುದು ಹೋಗುತ್ತದೆಂದು ಅವರಿಗೆ ಮಾತ್ರ ಗೊತ್ತು. ಗೂಡಿನ ನಂಬರಿನ ಸೀಸೆಗಳನ್ನು ತುಂಬಿಸಿಟ್ಟು, ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿದ್ದಾರೆ.

"ಕೇಳಿಲ್ಲಿ ವೆನಿಂಗ್," ಅಂದರು. "ದಿನಾ ಅದೇ ಹೊತ್ತು, ಅದೇ ಕೈ. ಒಂದು ಇಲಿಗೆ ಒಂದು ನಿಮಿಷ, ಔಷಧಿ ಕುಡಿಸು, ವಾಪಸ್ ಇಡು. ಹೆಸರು ಇಡಬೇಡ, ಮಾತಾಡಿಸಬೇಡ. ಭಾನುವಾರ ಅಂತ ಇಲ್ಲ, ಹಬ್ಬ ಅಂತ ಇಲ್ಲ."

"ಎಂಟು ವಾರ ತಾನೇ ಬು. ಕಣ್ಮುಚ್ಚಿ ತೆರೆಯೋದ್ರಲ್ಲಿ ಆಗೋಗುತ್ತೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಮದುವೆ ಆಗಿ ಎಷ್ಟು ದಿನ ಆಯ್ತು ನಿಂಗೆ?"

"ಇಪ್ಪತ್ತೆರಡು."

"ಹೂಂ," ಅಂದರು, ಅಷ್ಟೇ.

ಜೂನ್ 4, ಭಾನುವಾರ

ಭಾನುವಾರ ಅಂದರೆ ಸಿಹಿನೀರು. ಪ್ರತಿ ಗೂಡಿಗೂ ಎರಡು ಬಾಟಲಿ: ಒಂದರಲ್ಲಿ ಸಾದಾ ನೀರು, ಒಂದರಲ್ಲಿ ಸಕ್ಕರೆ ನೀರು. ಮಾರನೆಯ ದಿನ ತೂಗಿದರೆ ಯಾವುದನ್ನು ಎಷ್ಟು ಕುಡಿದಿದೆ ಅಂತ ಗೊತ್ತಾಗುತ್ತದೆ. ಖುಷಿಯಾಗಿರುವ ಇಲಿ ಸಾದಾ ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ. ಮನಸ್ಸು ಕುಗ್ಗಿದ ಇಲಿಗೆ ಸಿಹಿಯೂ ಅಷ್ಟೇ, ಸಪ್ಪೆಯೂ ಅಷ್ಟೇ. ಎಷ್ಟು ಸರಳ, ಎಷ್ಟು ಚಂದ. ಈ ಪರೀಕ್ಷೆಯನ್ನು ಯೋಚಿಸಿದವರಿಗೆ ಮುತ್ತಿಡಬೇಕು ಅನ್ನಿಸಿತು. ಬನ್ಯುಗೆ ಫೋನಿನಲ್ಲಿ ಹೇಳಿದೆ.

"ಯಾರಿಗೆ ಮುತ್ತು?" ಅಂದ. ಹಿಂದೆ ಗಾಣದ ಸದ್ದು, ಅವನು ಕೂಗಿಯೇ ಮಾತಾಡಬೇಕು. "ಸಕ್ಕರೆ ಮಾಡೋನು ನಾನು. ಮುತ್ತು ಯಾರಿಗೋ."

"ನಿನ್ನ ಸಕ್ಕರೆ ನನ್ನ ಇಲಿಗೆ ಆಗಲ್ಲ, ಶುದ್ಧವಾಗಿಲ್ಲ."

"ಅಯ್ಯೋ ಇಲಿ ಡಾಕ್ಟ್ರೇ, ಕಳಿಸ್ತೀನಿ ತಾಳು. ಈ ಹಂಗಾಮಿನ ಮೊದಲ ಸಕ್ಕರೆ. ತಿಂದು ನೋಡಿ ಆಮೇಲೆ ಹೇಳು. ಊಟ ಆಯ್ತಾ?"

ಆಯಿತು. ಗುದೆಗ್ ತಿಂದೆ, ಬೆಲ್ಲದ ರಸದಲ್ಲಿ ಮುಳುಗಿದ ಹಲಸು, ಎರಡು ಮೊಟ್ಟೆ. ಅವನಿಲ್ಲದೆ ತಿನ್ನುತ್ತಿದ್ದೇನೆ ಅಂತ ಸ್ವಲ್ಪ ಅಳು ಬಂತು, ಆದರೆ ಖುಷಿಯ ಅಳು.

ಜೂನ್ 12, ಸೋಮವಾರ

ಬಾಟಲಿಗಳನ್ನು ತೂಗಿದೆ. ಹೋದ ವಾರ ಎಲ್ಲವೂ ನೂರಕ್ಕೆ ಎಂಬತ್ತೈದು, ತೊಂಬತ್ತು ಸಿಹಿ ಕುಡಿದಿದ್ದವು. ಈ ವಾರ ಕೆಲವು ಇಳಿದಿವೆ. ಹದಿನೇಳನೆಯ ಗೂಡಿನದು ಅರವತ್ತೆರಡು. ಅದು ಮೂಲೆಗೆ ಬೆನ್ನು ಕೊಟ್ಟು ಕೂತಿತ್ತು, ಮೈಯ ಕೂದಲು ನೆಕ್ಕಿಕೊಳ್ಳದೆ ಜಡೆಗಟ್ಟಿತ್ತು. ಔಷಧಿ ಕುಡಿಸಿದ ಮೇಲೆ ವಾಪಸ್ ಇಡುವಾಗ ನನ್ನ ಕೈ ಸ್ವಲ್ಪ ಹೊತ್ತು ಒಳಗೇ ಉಳಿಯಿತು. ಅದು ಬಂದು ಅಂಗೈ ಕೆಳಗೆ ತೂರಿಕೊಂಡಿತು. ಎದೆ ಬಡಿತ ಹೊಲಿಗೆ ಯಂತ್ರದ ಹಾಗೆ. ಒಂದು ನಿಮಿಷ, ಎರಡು ಇರಬಹುದು.

ಬನ್ಯುಗೆ ಈ ವಾರ ಬೇರೆ ಪಾಳಿ. ನಾನು ಏಳುವಾಗ ಅವನು ಮಲಗುತ್ತಾನೆ.

ಜೂನ್ 20, ಮಂಗಳವಾರ

ಸಕ್ಕರೆ ಬಂತು. ಎರಡು ಕಿಲೋ, ಚೀಲದ ಮೇಲೆ ಅವನದೇ ಅಕ್ಷರ: 'ಶ್ರೀಮತಿ ವೆನಿಂಗ್ ಅವರಿಗೆ, ಇಲಿಗಳಿಗಲ್ಲ.' ನಗು ಬಂತು. ಕಪಾಟಿನ ಮೇಲೆ ಇಟ್ಟಿದ್ದೇನೆ, ಅವನು ಬಂದ ಮೇಲೆ ಒಡೆಯೋಣ. ಅವನು ಬರುವುದಿಲ್ಲ, ನಾನು ಹೋಗುವುದು. ಸರಿ, ಹೋಗುವಾಗ ತೆಗೆದುಕೊಂಡು ಹೋಗೋಣ.

ಈಗ ದಿನಾ ಕೆಲಸ ಮುಗಿದ ಮೇಲೆ ಹದಿನೇಳರ ಹತ್ತಿರ ಸ್ವಲ್ಪ ಕೂರುತ್ತೇನೆ. ಇಪ್ಪತ್ತೆರಡು, ಇಪ್ಪತ್ತೊಂಬತ್ತು ಕೂಡ ಹಾಗೇ ಆಗಿವೆ, ಅವಕ್ಕೂ ಒಂದೈದು ನಿಮಿಷ. ನ್ಯಾಯ ಅಂದರೆ ನ್ಯಾಯ, ಎಲ್ಲಕ್ಕಿಂತ ಬೇಸರದಲ್ಲಿ ಇರುವವಕ್ಕೆ ಮೊದಲು. ಪ್ರಯೋಗದ ಪುಸ್ತಕದಲ್ಲಿ ಬರೆದಿಲ್ಲ. ಕೈ ಇಡುವುದೇನು ಔಷಧಿಯೇ, ಬರೆಯುವುದಕ್ಕೆ.

ಗಿನಾ ಅಜ್ಜಿ ಈಚೆಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಿದ್ದಾಳೆ. ಅರ್ಧ ಲೋಟ ಉಳಿಸಿದೆ.

ಜೂನ್ 29, ಗುರುವಾರ

ಬಕ್ರೀದ್. ಕ್ಯಾಂಪಸ್ಸಿನಲ್ಲಿ ನಾಯಿಯೂ ಇರಲಿಲ್ಲ. ಬಾಡಿಗೆ ಮನೆಯ ಹುಡುಗಿಯರೆಲ್ಲ ಊರಿಗೆ ಹೋಗಿದ್ದಾರೆ, ಅಡುಗೆಮನೆಯಲ್ಲಿ ನನ್ನ ತಟ್ಟೆ ಒಂದೇ ತೊಳೆದು ಬೋರಲು ಹಾಕಿತ್ತು. ಎದುರು ಮನೆಯವರು ಮಾಂಸ ಕೊಟ್ಟರು. ಒಬ್ಬಳಿಗೆ ಏನು ಬೇಯಿಸುವುದು, ಪಕ್ಕದ ಮನೆಯ ಅಜ್ಜನಿಗೆ ಕೊಟ್ಟೆ.

ಬೆಳಿಗ್ಗೆ ಔಷಧಿ ಕುಡಿಸಿದ ಮೇಲೆ ವಾಪಸ್ ಬರಲು ಮನಸ್ಸಾಗಲಿಲ್ಲ. ಅಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಹದಿನೇಳಕ್ಕೆ ಕಬ್ಬಿನ ಮದುವೆಯ ಕತೆ ಹೇಳಿದೆ. ಹೆಣ್ಣು ಜಲ್ಲೆಗೆ ಉಡಿಸಿದ್ದ ಹಸಿರು ಬಟ್ಟೆ, ಎರಡಕ್ಕೂ ಹಿಡಿದ ಕೊಡೆ, ಮುಂದೆ ಬ್ಯಾಂಡು, ಹಿಂದೆ ನಾನು, ನನ್ನ ಪಕ್ಕದಲ್ಲಿ ಅವನು. ಆಮೇಲೆ ಗಾಣದ ಹಲ್ಲಿಗೆ ಸಿಕ್ಕುವಾಗ ಯಾವುದು ಮೊದಲು ಹೋಯಿತು, ಗಂಡು ಜಲ್ಲೆಯೋ ಹೆಣ್ಣೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಗ ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಬನ್ಯು ಮಧ್ಯಾಹ್ನ ಫೋನು ಮಾಡಿದ. "ಹಬ್ಬ ಹೆಂಗಾಯ್ತು?"

"ಜೋರು. ಹುಡುಗೀರೆಲ್ಲ ಸೇರಿ ಕಡ್ಡಿಗೆ ಮಾಂಸ ಪೋಣಿಸಿ ಸಾತೆ ಸುಟ್ವಿ. ಹೊಗೆಗೆ ಕಣ್ಣುರಿ ಇನ್ನೂ ಹೋಗಿಲ್ಲ."

"ನಂಗೊಂದು ಕಡ್ಡಿ ಉಳಿಸಿದ್ಯಾ?"

"ಎರಡು ಉಳಿಸಿದೀನಿ."

ಯಾಕೆ ಹಾಗೆ ಹೇಳಿದೆನೋ. ಅವನಿಗೆ ಅಲ್ಲಿ ಹಬ್ಬದ ದಿನವೂ ಪಾಳಿ, ಇದೊಂದು ಬೇರೆ ಯಾಕೆ.

ಜುಲೈ 3, ಸೋಮವಾರ

ಈಗ ಹನ್ನೊಂದು. ಕ್ರಮವಾಗಿ: 17, 22, 29, 31, 8, 12, 36, 25, 19, 40, 33. ಸಿಹಿ ಕಡಿಮೆ ಕುಡಿದವನ್ನೆಲ್ಲ ಸೇರಿಸಿದ್ದೇನೆ. ಒಂದಕ್ಕೆ ನಾಲ್ಕು ನಿಮಿಷದ ಹಾಗೆ. ಮೇಲಂಗಿಯ ತೋಳಿನೊಳಗೆ ಹತ್ತಿಕೊಂಡು ಮೊಣಕೈ ಹತ್ತಿರ ಮಲಗುತ್ತವೆ.

ಎರಡು ದಿನದಿಂದ ತಲೆ ಬಾಚಿಲ್ಲ. ಟೋಪಿ ಹಾಕಿರುತ್ತೇನೆ, ಯಾರಿಗೆ ಕಾಣಬೇಕು.

ಜುಲೈ 6, ಗುರುವಾರ

ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಸ್ನಾನಕ್ಕೆ ಹೋಗಿದ್ದೆ ಅಂತ ಬರೆದು ಕಳಿಸಿದೆ.

ಜುಲೈ 10, ಸೋಮವಾರ

ಹದಿನೇಳು ಎಂಬತ್ತೊಂದಕ್ಕೆ ಏರಿದೆ. ಇಪ್ಪತ್ತೆರಡು, ಎಪ್ಪತ್ತೊಂಬತ್ತು. ಮೂವತ್ತಾರು ಕೂಡ. ಖಂಡಿತ ಇವಕ್ಕೆ ಒಂದೆಲಗವೇ ಹೋಗುತ್ತಿದೆ. ಬು ಹಾರ್ತಿನಿಗೆ ಅಂಕಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಈಗ್ಲೇ ಏನೂ ಅನ್ಕೋಬೇಡ," ಅಂದರು, ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಸಲ ಹಾಳೆಯ ಕಡೆ ನೋಡಿದರು. ಇದು ಈ ಯೋಜನೆಯ ಕೊನೆಯ ಪ್ರಯೋಗ. ಇದರಲ್ಲಿ ಏನೂ ಕಾಣದಿದ್ದರೆ ಒಂದೆಲಗವನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆ.

ನನಗೆ ಖುಷಿಯಾಗಬೇಕಿತ್ತು. ಆಯಿತು ಅಂತ ಕಾಣುತ್ತದೆ.

ಗಿನಾ ಅಜ್ಜಿಯ ಹತ್ತಿರ ಬಿಸಿನೀರು ಕೇಳಿದೆ, ಬರೀ ಬಿಸಿನೀರು. ಅವಳ ಚಹಾ ಈಗ ಬಾಯಿಗಿಡಲು ಆಗುವುದಿಲ್ಲ.

ಜುಲೈ 14, ಶುಕ್ರವಾರ

ಸಕ್ಕರೆ ಚೀಲಕ್ಕೆ ಇರುವೆ ಹತ್ತಿದೆ.

ಜುಲೈ 23, ಭಾನುವಾರ

ಕೊನೆಯ ಸಿಹಿನೀರು. ಐವತ್ತಾರು ದಿನ, ಒಂದೂ ತಪ್ಪಿಸಿಲ್ಲ.

ಬನ್ಯು ಹೇಳಿದ, ಪಪ್ಪಾಯಿ ಗಿಡದಲ್ಲಿ ನಾಲ್ಕು ಕಾಯಿ ಬಿಟ್ಟಿದೆಯಂತೆ, ನಾನು ಬರುವ ಹೊತ್ತಿಗೆ ಹಣ್ಣಾಗುತ್ತದಂತೆ. "ಯಾವತ್ತು ಬರ್ತೀಯಾ ಹೇಳು, ಪಾಳಿ ಬದಲಾಯಿಸ್ಕೊಂಡು ಸ್ಟೇಷನ್ನಿಗೆ ಬರ್ತೀನಿ" ಅಂದ. ಇನ್ನೇನು ಬಂದೆ ಅಂದೆ. ಮಾತಾಡುವಾಗ ಗೋಡೆಯ ಮೇಲಿನ ಹಲ್ಲಿಯನ್ನೇ ನೋಡುತ್ತಿದ್ದೆ. ಅವನು ಎರಡು ಸಲ "ಇದೀಯಾ?" ಅಂದ.

ಜುಲೈ 27, ಗುರುವಾರ

ಲಕೋಟೆ ಒಡೆದರು.

ಬು ಹಾರ್ತಿನಿ ನಂಬರ್ ಓದುತ್ತ ಹೋದರು, ನಾನು ಅಂಕಿಯ ಮುಂದೆ ಬರೆಯುತ್ತ ಹೋದೆ. ಎಂಟು, ನೀರು. ಹನ್ನೆರಡು, ನೀರು. ಹದಿನೇಳು, ನೀರು.

"ಹದಿನೇಳಾ?" ಅಂದೆ.

"ಹದಿನೇಳು. ನೀರು. ಬರಿ."

ಹತ್ತೊಂಬತ್ತು ನೀರು. ಇಪ್ಪತ್ತೆರಡು ನೀರು. ನನ್ನ ಹನ್ನೊಂದರಲ್ಲಿ ಒಂಬತ್ತಕ್ಕೆ ಎಂಟು ವಾರ ಸಿಕ್ಕಿದ್ದು ಬರೀ ನೀರು. ಏನೂ ಸಿಗದ ಕಾರಣಕ್ಕೆ ಅವು ಎಲ್ಲಕ್ಕಿಂತ ಮೊದಲು ಕುಗ್ಗಿದವು. ಆಮೇಲೆ ಅವಕ್ಕೆ ನಾನು ಸಿಕ್ಕಿದೆ.

ಮೂರೂ ಗುಂಪು ಒಂದೇ ಸಮ ನಿಂತವು. ನೀರು ಕುಡಿದದ್ದಕ್ಕೂ ಒಂದೆಲಗ ಕುಡಿದದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬು ಹಾರ್ತಿನಿ ಲೆಕ್ಕವನ್ನು ಎರಡು ಸಲ ಮಾಡಿಸಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಎಲೆಗೆ ಸುಳ್ಳು ಹೇಳೋಕೆ ಬರಲ್ಲ ಕಣಮ್ಮ. ಏನೂ ಇಲ್ಲ ಅಂದ್ರೆ ಇಲ್ಲ." ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. "ಇಲ್ಲ ಅನ್ನೋದೂ ಫಲಿತಾಂಶನೇ. ನಿನ್ನ ಪ್ರಬಂಧಕ್ಕೆ ಅಷ್ಟು ಸಾಕು. ಸೋಮವಾರ ಇಲಿಗಳನ್ನ ಕೊಂದು ಮಿದುಳಿನ ಮಾದರಿ ತೆಗೆದುಬಿಡೋಣ. ಆಮೇಲೆ ಗಂಡನ ಮನೆಗೆ ಹೋಗು."

ನಾನು ತಲೆಯಾಡಿಸಿದೆ.

ಜುಲೈ 28, ಶುಕ್ರವಾರ

ನಾನು ಬಾಯಿ ಬಿಡದಿದ್ದರೆ ಮುಂದಿನ ವಾರ ಪ್ರೊಬೊಲಿಂಗೊ. ಬಾಯಿ ಬಿಟ್ಟರೆ ಹೊಸ ಇಲಿ, ಮತ್ತೆ ಎಂಟು ವಾರ, ಮತ್ತೆ ಅದೇ ಕೋಣೆ. ಬರೆದು ನೋಡಿದೆ, ಇಷ್ಟೇ ಇದೆ.

ಮಧ್ಯಾಹ್ನ ಫ್ರೀಜರ್ ಕೋಣೆಯ ಮುಂದೆ ಹೋಗುವಾಗ ಬು ಹಾರ್ತಿನಿ ಒಂದೆಲಗದ ಡಬ್ಬಿಗಳಿಂದ ಚೀಟಿಗಳನ್ನು ಉಗುರಿನಲ್ಲಿ ಕೆರೆದು ಕೀಳುತ್ತಿದ್ದರು. ಖಾಲಿಯಾದ ಅರೆಯನ್ನು ಬೇರೆಯವರಿಗೆ ಕೊಡಬೇಕಂತೆ. ಹನ್ನೊಂದು ವರ್ಷದ ಚೀಟಿಗಳು, ಗೋಂದು ಗಟ್ಟಿಯಾಗಿ ಅಂಟಿತ್ತು. ಅವರು ನನ್ನನ್ನು ನೋಡಲಿಲ್ಲ.

ಇಲಿಗಳ ಕೋಣೆಗೆ ಹೋದೆ. ಇನ್ನು ಔಷಧಿ ಇಲ್ಲ, ಹೋಗುವ ಕೆಲಸವೇ ಇಲ್ಲ. ಪಾಕ್ ತುಕಿರಾನ್ ಹೊಟ್ಟು ಬದಲಾಯಿಸುತ್ತಿದ್ದರು. ಗಿನಾ ಅಜ್ಜಿಯ ಗಾಡಿಯಿಂದ ಎರಡು ಲೋಟ ಚಹಾ ತರಿಸಿದ್ದರು.

"ಕೂತ್ಕೋ. ಒಂದು ವಿಷ್ಯ ಕೇಳ್ಬೇಕು."

"ಕೇಳಿ ಪಾಕ್."

"ನಾನು ಓದಿದೋನಲ್ಲ. ಆದ್ರೆ ಮೂವತ್ತೊಂದು ವರ್ಷ ಒಂಟಿ ಇಲಿ ನೋಡಿದೀನಿ. ಬಾಗ್ಲು ತೆಗುದ್ರೆ ಮೂಲೆ ಸೇರ್ಕೋತವೆ, ಕೈ ಹಾಕಿದ್ರೆ ಕಚ್ತವೆ. ನಿನ್ನವು ನೋಡು." ಅವರು ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದರು. ಹದಿನೇಳು, ಇಪ್ಪತ್ತೆರಡು, ಮೂವತ್ತಾರು, ಸಾಲಾಗಿ, ಮುಂಗಾಲು ಎತ್ತಿ ಕಂಬಿ ಹಿಡಿದು ನಿಂತಿದ್ದವು. "ನಾನೊಬ್ನೇ ತೆಗುದ್ರೆ ಹಿಂಗ್ ನಿಲ್ಲಲ್ಲ ತಾಯಿ, ನೀನು ಒಳಗಿರ್ಬೇಕು. ಹನ್ನೊಂದು ಹಿಂಗೆ ಮಾಡ್ತವೆ, ಹತ್ತೊಂಬತ್ತು ಮಾಡಲ್ಲ."

ನಾನು ಸ್ಟೂಲು ಎಳೆದುಕೊಂಡು ಕೂತೆ.

"ಇನ್ನೊಂದು. ಚಹಾ ಕುಡಿ."

"ಬೇಡ ಪಾಕ್, ಗಿನಾ ಅಜ್ಜಿ ಸಕ್ಕರೆ ಸುರೀತಾಳೆ ಈಗ."

"ಎಷ್ಟು ಚಮಚ ಹಾಕ್ತಾಳೆ?"

"ಐದಾದ್ರೂ ಇರ್ಬೇಕು."

"ಅದಕ್ಕೇ ಇವತ್ತು ಪಕ್ಕದಲ್ಲೇ ನಿಂತ್ಕೊಂಡು ಹಾಕಿಸ್ಕೊಂಡ್ ಬಂದೆ. ಒಂದೂವರೆ. ಅವಳು ಅಳ್ತಾವ್ಳೆ ಕಣೇ, ನನ್ ಚಹಾಕ್ಕೆ ಏನ್ ರೋಗ, ಮದ್ಲಗಿತ್ತಿ ಒಂದ್ ತಿಂಗ್ಳಿಂದ ಮುಟ್ತಿಲ್ಲ ಅಂತ. ಸಿಹಿ ಬೇಡ ಅನ್ನೋ ಇಲೀನ ನೀವು ಪುಸ್ತಕದಲ್ಲಿ ಏನಂತ ಬರೀತೀರಿ?"

ಲೋಟ ಎತ್ತಿ ಒಂದು ಗುಟುಕು ಕುಡಿದೆ. ಸಿಹಿ ಇತ್ತು, ನಾಲಿಗೆಗೆ ಗೊತ್ತಾಗುತ್ತಿತ್ತು. ಬೇಕು ಅನ್ನಿಸಲಿಲ್ಲ, ಅಷ್ಟೇ. ಲೋಟ ಕೆಳಗಿಟ್ಟೆ.

"ನೀವು ಬು ಹಾರ್ತಿನಿಗೆ ಹೇಳ್ತೀರಾ?"

"ನಂದೇನು, ನಾನು ಹೊಟ್ಟು ಬದಲಾಯ್ಸೋನು," ಅಂದರು. ಮುಂದಿನ ಗೂಡಿಗೆ ಹೋದರು.

ಜುಲೈ 31, ಸೋಮವಾರ

ಹೇಳಿದೆ.

ಶನಿವಾರ, ಭಾನುವಾರ ಎರಡೂ ದಿನ ಕೋಣೆಯಲ್ಲೇ ಬಿದ್ದಿದ್ದೆ. ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡೆ, ಇನ್ನು ಬಾಟಲಿ ತುಂಬುವ ಕೆಲಸವಿಲ್ಲ ಅಂತ ಬಾಗಿಲಲ್ಲಿ ನೆನಪಾಯಿತು. ಆ ಡಬ್ಬಿಗಳೇ ಕಣ್ಣ ಮುಂದೆ ಬರುತ್ತಿದ್ದವು. ಆ ಎಲೆಯ ಕೈಲಿ ನಾನು ಸುಳ್ಳು ಹೇಳಿಸಿದ್ದೇನೆ. ಗೊತ್ತಿಲ್ಲದೆ ಮಾಡಿದ್ದು ಅಂತ ಬರೆಯಲು ಹೊರಟೆ, ಆದರೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಪುಸ್ತಕದಲ್ಲಿ ಬರೆದಿರುತ್ತಿದ್ದೆ.

ಬು ಹಾರ್ತಿನಿ ಮಾದರಿ ತೆಗೆಯಲು ಕೈಗವಸು ಹಾಕಿಕೊಳ್ಳುತ್ತಿದ್ದರು. ನಿಂತಲ್ಲೇ ಹೇಳಿದೆ, ಎಲ್ಲ, ಮೊದಲಿನಿಂದ. ಅವರು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಚ್ಚಿದರು.

"ಯಾವ್ಯಾವ ಗೂಡು?"

ಹೇಳಿದೆ.

"ಯಾವತ್ತಿಂದ? ದಿನಕ್ಕೆ ಎಷ್ಟು ಹೊತ್ತು?"

"ಜೂನ್ ಹನ್ನೆರಡರಿಂದ. ಮೊದಲು ಎರಡು ನಿಮಿಷ. ಕೊನೆಗೆ ಎಲ್ಲ ಸೇರಿ ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ ಏನು ಮಾಡ್ತಿದ್ದೆ?"

"ಕೈ ಇಡ್ತಿದ್ದೆ. ಮಾತಾಡಿಸ್ತಿದ್ದೆ."

"ಏನಂತ?"

"ನನ್ನ ಮದುವೆ ಕತೆ."

ಅವರು ಕೈಗವಸನ್ನು ಮೇಜಿನ ಮೇಲೆ ಎಸೆದರು. ಬೈದರು ಆಮೇಲೆ. ಮೂವತ್ತು ಜೀವಗಳನ್ನು ಎಂಟು ವಾರ ಒಂಟಿಯಾಗಿ ಕೂಡಿಹಾಕಿದ್ದೇವೆ, ಅದು ಯಾವುದಕ್ಕೂ ಬಾರದ ಹಾಗೆ ಮಾಡಿದೆಯಲ್ಲ ಅಂದರು. ಗುರುವಾರವೇ ಹೇಳಬಾರದಿತ್ತೇ, ನಾನು ಉಗುರು ಕಿತ್ತುಕೊಂಡು ಆ ಚೀಟಿ ಕೀಳುವಾಗ ನೀನು ನೋಡಿಕೊಂಡು ಹೋದೆಯಲ್ಲ ಅಂದರು. ಅವರು ನೋಡಿದ್ದರು ನನ್ನನ್ನು. ನಾನು ಅತ್ತೆ. ಅವರು ಸುಮ್ಮನೆ ಕೂರುವವರಲ್ಲ, ಅಳುತ್ತಿರುವಾಗಲೇ ಪುಸ್ತಕ ಮುಂದಿಟ್ಟು ಎಲ್ಲವನ್ನೂ ತಾರೀಖಿನ ಸಮೇತ ಬರೆಸಿದರು. ಮುಗಿದ ಮೇಲೆ ಓದಿದರು. ಓದುತ್ತ ಓದುತ್ತ ಮೂಗಿನಲ್ಲಿ ಒಂದು ಸದ್ದು ಬಂತು, ನಗುವೋ ಏನೋ.

"ಹನ್ನೊಂದು ವರ್ಷದ ನನ್ನ ಪುಡಿಯಷ್ಟೇ ಕೆಲಸ ಮಾಡಿದೆ ನಿನ್ನ ಹರಟೆ. ಸೀಸೆಗೆ ತುಂಬೋಕೆ ಬರಲ್ಲ, ಅದೇ ತೊಂದರೆ."

"ನಾನೇ ಮತ್ತೆ ಮಾಡ್ತೀನಿ ಬು. ಎಂಟು ವಾರ."

"ಮಾಡ್ಲೇಬೇಕು. ಹೊಸ ಇಲಿ ಹದಿನಾಲ್ಕನೇ ತಾರೀಖು ಬರುತ್ತೆ. ಈ ಸಲ ಕೋಣೆಗೆ ಒಬ್ಬರೇ ಹೋಗೋ ಹಾಗಿಲ್ಲ. ನೀನು ಕುಡಿಸು, ಪಕ್ಕದಲ್ಲಿ ನಾನು ಗಡಿಯಾರ ಹಿಡಿದು ಕೂರ್ತೀನಿ. ಮಾತಾಡ್ಬೇಕು ಅನ್ನಿಸಿದ್ರೆ ನನ್ನ ಹತ್ರ ಮಾತಾಡು." ಕಾಗದಗಳನ್ನು ಜೋಡಿಸುತ್ತ, ನನ್ನ ಕಡೆ ನೋಡದೆ, "ಇಲಿ ಬಂದ ತಕ್ಷಣ ಒಂಟಿ ಗೂಡಿಗೆ ಹಾಕ್ತೀವಾ?" ಅಂತ ಕೇಳಿದರು.

"ಇಲ್ಲ. ಒಂದು ವಾರ ಒಟ್ಟಿಗೆ ಇಡ್ತೀವಿ."

"ನಿಂಗೆ ಹನ್ನೆರಡು ದಿನ. ಹೋಗು."

ಮಿದುಳಿನ ಕೆಲಸ ರದ್ದಾಯಿತು. ಕೈಯಲ್ಲಿ ಹಿಡಿಯುವುದನ್ನು ಕಲಿಯಲು ಬರುವ ಹೊಸ ವಿದ್ಯಾರ್ಥಿಗಳಿಗೆ ಈ ಇಲಿಗಳು ಇರಲಿ ಅಂತ ಪಾಕ್ ತುಕಿರಾನ್‌ಗೆ ಹೇಳಿದರಂತೆ. "ಹದಿನೇಳಂತೂ ಮೇಷ್ಟ್ರಾಗೋಗುತ್ತೆ" ಅಂದರು ಪಾಕ್.

ಆಗಸ್ಟ್ 1, ಮಂಗಳವಾರ

ಬೆಳಿಗ್ಗೆ ಲೆಂಪುಯಾಂಗನ್ ಸ್ಟೇಷನ್ನಿಗೆ ಹೋಗಿ ಟಿಕೆಟ್ ತಂದೆ. ದಾರಿಯಲ್ಲಿ ಒಂದು ಡಬ್ಬಿ ಬಾಕ್ಪಿಯಾ ತೆಗೆದುಕೊಂಡೆ, ಅವನಿಗೆ ಹೆಸರುಬೇಳೆಯ ಹೂರಣದ್ದೇ ಆಗಬೇಕು. ತಲೆಗೆ ಸ್ನಾನ ಮಾಡಿದೆ. ಸಿಕ್ಕು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಸಕ್ಕರೆ ಚೀಲವನ್ನು ಬಿಸಿಲಿಗೆ ಇಟ್ಟು ಇರುವೆ ಓಡಿಸಿದೆ, ಅರ್ಧವನ್ನು ಗಿನಾ ಅಜ್ಜಿಗೆ ಕೊಟ್ಟೆ. "ನಂಗ್ಯಾಕೆ, ನನ್ ಚಹಾ ಸೀ ಜಾಸ್ತಿ ಅಂತೆ" ಅಂತ ಮುಖ ತಿರುಗಿಸಿದಳು. ಕೂತು ಒಂದು ಲೋಟ ಮುಗಿಸಿದೆ. ನಿಧಾನವಾಗಿ, ಔಷಧಿಯ ಹಾಗೆ, ಆದರೆ ಮುಗಿಸಿದೆ. ಅವಳು ಲೋಟವನ್ನು ತಿರುವಿ ತಳ ನೋಡಿ ಸಮಾಧಾನ ಮಾಡಿಕೊಂಡಳು.

ಊಟದ ಬಿಡುವಿನಲ್ಲಿ ಬನ್ಯು ಫೋನು ಮಾಡಿದ. ನಾನು ಮೊದಲ ಸದ್ದಿಗೇ ಎತ್ತಿದೆ.

"ಅರೆ, ಸ್ನಾನಕ್ಕೆ ಹೋಗಿಲ್ವಾ?" ಅಂದ. ಅಂದರೆ ಅವನು ಅದನ್ನು ಯಾವತ್ತೂ ನಂಬಿರಲಿಲ್ಲ. "ಹೆಂಗಿದೀಯಾ?"

"ಚೆನ್ನಾಗಿಲ್ಲ."

ಹಿಂದಿನ ಗಾಣದ ಸದ್ದು ಸ್ವಲ್ಪ ಸ್ವಲ್ಪವೇ ದೂರವಾಯಿತು. ಅವನು ನಡೆದುಕೊಂಡು ಹೊರಗೆ ಬರುತ್ತಿದ್ದ, ಒಂದು ಬಾಗಿಲು ಮುಚ್ಚಿದ್ದು ಕೇಳಿಸಿತು.

"ಹೇಳು," ಅಂದ.

"ಹಬ್ಬದ ದಿನ ಸಾತೆ ಸುಡಲಿಲ್ಲ. ಯಾರೂ ಇರಲಿಲ್ಲ. ಪ್ರಯೋಗ ನಾನೇ ಕೆಡಿಸಿದೆ, ಮತ್ತೆ ಎಂಟು ವಾರ ಮಾಡ್ಬೇಕು. ಉಳಿದಿದ್ದು ಬಂದು ಹೇಳ್ತೀನಿ. ಹನ್ನೆರಡು ದಿನ ಬರ್ತೀನಿ, ಆಮೇಲೆ ವಾಪಸ್."

"ಬಾ," ಅಂದ. "ಪಪ್ಪಾಯಿ ಒಂದು ಹಣ್ಣಾಗಿತ್ತು. ತಿನ್ನಲಿಲ್ಲ ನಾನು. ಒಬ್ಬನೇ ಏನು ತಿನ್ನೋದು ಅಂತ ಪಕ್ಕದ ಮನೆಗೆ ಕೊಟ್ಟೆ."



"ಬನ್ಯು, ಕಬ್ಬಿನ ಮದುವೆ ದಿನ, ಗಾಣಕ್ಕೆ ಯಾವುದು ಮೊದಲು ಹೋಯ್ತು? ಗಂಡಾ, ಹೆಣ್ಣಾ?"

"ಒಟ್ಟಿಗೇ ಅಲ್ವೇನೇ ಬಿಡೋದು. ಎರಡನ್ನೂ ಸೇರಿಸಿ ಕಟ್ಟಿರ್ತಾರೆ. ಎದುರಿಗೇ ನಿಂತಿದ್ದೆಯಲ್ಲೇ. ಯಾಕೆ?"

"ಸುಮ್ನೆ. ಬರ್ಕೋ ಈಗ, ಪಾಳಿ ಬದಲಾಯಿಸ್ಕೋಬೇಕು ನೀನು."

"ಹೇಳು, ಪೆನ್ನಿದೆ."

ನಾಳೆ, ಬುಧವಾರ, ಆಗಸ್ಟ್ ಎರಡು. ಬೆಳಿಗ್ಗೆ ಇಲ್ಲಿಂದ ಹೊರಟು ಮಧ್ಯಾಹ್ನ ಪ್ರೊಬೊಲಿಂಗೊ ಸೇರುವ ರೈಲು, ಶ್ರೀ ತಂಜುಂಗ್.